ಬೊಗ್ಗು ಸಮುದ್ರ ಮುಟ್ಟಿದನಾ?

ಒಂದು ಕಾಲ ಇತ್ತಂತೆ. ಆ ಕಾಲದಲ್ಲಿ ಮರಳಿಗೂ ಸಮುದ್ರಕ್ಕೂ ನಡುವೆ ಒಂದು ಊರು. ಊರಿನ ಎಂಟನೇ ಮಹಡಿಯಲ್ಲಿ ಒಂದು ಮನೆ, ಮನೆಯೊಳಗೊಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಹರಿಯುವ ನದಿ. ಆ ನದಿಯಲ್ಲಿ ಒಂದು ನೀರುನಾಯಿ ಮರಿ. ಅದರ ಅಮ್ಮ ನೆರೆ ಬಂದಾಗ ಕೊಚ್ಚಿಕೊಂಡು ಹೋದವಳು ತಿರುಗಿ ಬರಲಿಲ್ಲ. ಅಮ್ಮ ಸಮುದ್ರ ಸೇರಿರಬೇಕು, ಕತ್ತಲಲ್ಲಿ ದಾರಿ ಕಾಣದೆ ಅಲ್ಲೇ ಕೂತಿರಬೇಕು ಎಂದುಕೊಂಡ ಮರಿ ಒಂದು ಲಾಟೀನು ಹಚ್ಚಿಕೊಂಡು ನೀರಿನ ಜೊತೆ ಹೊರಟಿತಂತೆ.

ಪೆಟ್ಟಿಗೆ ಎಂದರೆ ಟಿ.ವಿ. ಊರು ಅಬುಧಾಬಿ. ಭವ್ಯಶ್ರೀಗೆ ಆಗ ಹಾಲುಹಲ್ಲು ಬೀಳುವ ವಯಸ್ಸು. ಅಪ್ಪ ಬನಿಯಾಸ್ ಕಡೆಯ ಗೋದಾಮಿಗೆ, ಅಮ್ಮ ಆಸ್ಪತ್ರೆಯ ಡ್ಯೂಟಿಗೆ, ಅಣ್ಣ ಶಾಲೆಗೆ ಹೋದ ಮೇಲೆ ಟೂರಿಸ್ಟ್ ಕ್ಲಬ್ ಏರಿಯಾದ ಆ ಫ್ಲ್ಯಾಟಿನಲ್ಲಿ ಉಳಿಯುತ್ತಿದ್ದುದು ಅವಳು, ಮತ್ತು ಪಡುಬಿದ್ರಿಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅಜ್ಜಿ. ಅಜ್ಜಿಗೆ ಇಂಗ್ಲಿಷ್ ಬಾರದು. ಆದರೂ ಅಮೆರಿಕದವರು ಮಾಡಿದ ಆ ಕಾರ್ಟೂನು ಅವರಿಗೆ ತಿಳಿಯುತ್ತಿತ್ತು, ಏಕೆಂದರೆ ಅದರಲ್ಲಿ ಮಾತೇ ಕಡಿಮೆ. ನೀರುಬಣ್ಣದಲ್ಲಿ ಬರೆದ ಕಾಡು. ಎಲೆಯ ತುದಿಯಿಂದ ಹನಿ ಬೀಳುವುದಕ್ಕೆ ಅವಸರವೇ ಇರಲಿಲ್ಲ. ಮರಿ ಒಂದು ತಿರುವು ದಾಟಿ, ಹಿಂದಿರುಗಿ ನೋಡಿ, ಲಾಟೀನು ಎತ್ತಿ ಹಿಡಿದು ಸುಮ್ಮನೆ ನಿಲ್ಲುತ್ತಿತ್ತು. ಆ ಸುಮ್ಮನಿರುವಲ್ಲಿ ಅಜ್ಜಿ ತಲೆಯಾಡಿಸಿ ‘ಹೂಂ’ ಅನ್ನುತ್ತಿದ್ದರು.

ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಉದ್ದದ ಹೆಸರಿತ್ತು. ಅಜ್ಜಿ ಅದನ್ನು ‘ಬೊಗ್ಗು’ ಎಂದರು. ಊರಲ್ಲಿ ಸಾಕಿದ ನಾಯಿಗಳಿಗೆಲ್ಲ ಅವರು ಇಟ್ಟ ಹೆಸರು ಅದೊಂದೇ.

ಅಜ್ಜಿಯ ಕಥೆಗಳಿಗೆ ಒಂದು ಕಟ್ಟಳೆ ಇತ್ತು. ಹೇಳುವವರು ಉಸಿರು ಎಳೆದುಕೊಳ್ಳುವಲ್ಲಿ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ಇನ್ನು, ಹೇಳುವವರಿಗೇ ನಿದ್ದೆ ಬಂತೋ, ಹೂಂ ಅಂದವರು ಕಥೆಯನ್ನು ಮುಗಿಸಬೇಕು. “ಇಲ್ಲದಿದ್ರೆ ಪಾಪ, ಕಥೆಯವರು ಬಿಟ್ಟಲ್ಲೇ ನಿಂತಿರ್ತಾರೆ ಮಗಾ. ಮಳೆಯಲ್ಲಿದ್ದವ ಮಳೆಯಲ್ಲೇ, ಹಸಿದವ ಹಸಿವಲ್ಲೇ.” ಮಧ್ಯಾಹ್ನದ ಊಟವಾದ ಮೇಲೆ ಅಜ್ಜಿಯ ಮಾತು ತೊದಲಿ ಗೊರಕೆಯಾದಾಗ, ಎಷ್ಟೋ ರಾಜಕುಮಾರರನ್ನು ಆ ಪುಟ್ಟ ಹುಡುಗಿಯೇ ಮನೆ ಸೇರಿಸಿದ್ದಳು.

ವೀಸಾ ಮುಗಿಯಿತು. ಬೊಗ್ಗು ಇನ್ನೂ ದಾರಿಯಲ್ಲಿದ್ದ. ಏರ್‌ಪೋರ್ಟಿನಲ್ಲಿ ಅಜ್ಜಿ ಮೊಮ್ಮಗಳ ಗಲ್ಲ ಹಿಡಿದು, “ಅವ ಸಮುದ್ರ ಮುಟ್ಟುದನ್ನು ನೋಡಿ ನಂಗೆ ಹೇಳ್ಬೇಕು, ಆಯ್ತಾ? ನೀನೇ ಹೇಳ್ಬೇಕು” ಎಂದರು. ಭವ್ಯಶ್ರೀ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಳು.

ಅದಾಗಿ ಕೆಲವೇ ವಾರಗಳಲ್ಲಿ ಬೊಗ್ಗು ಒಂದು ಬಂಡೆಯ ಮೇಲೆ ಬಂದು ನಿಂತ. ದೂರದಲ್ಲಿ ಅಲೆಯ ಸದ್ದು. ಲಾಟೀನಿನ ಎಣ್ಣೆ ತಳ ಕಂಡಿತ್ತು. ‘ಮುಂದುವರಿಯುವುದು’ ಎಂದು ಬಂತು. ಮುಂದುವರಿಯಲಿಲ್ಲ. ಮರುವಾರ ಆ ಹೊತ್ತಿಗೆ ಬೇರೇನೋ ಹಾಕಿದರು. ಮಾಡುತ್ತಿದ್ದ ಕಂಪನಿಯೇ ಬಾಗಿಲು ಹಾಕಿತಂತೆ.

ಅಂದಿನಿಂದ ಊರಿನ ಫೋನು ಯಾವಾಗ ಬಂದರೂ, ಉಂಡಿರಾ, ಮಳೆ ಉಂಟಾ, ಎಲ್ಲ ಆದ ಮೇಲೆ ಅಜ್ಜಿ ಕೇಳುತ್ತಿದ್ದುದು ಒಂದೇ: “ಬೊಗ್ಗು ಸಮುದ್ರ ಮುಟ್ಟಿದನಾ?”

“ಇಲ್ಲ ಅಜ್ಜಿ. ಇನ್ನೂ ಬಂಡೆ ಮೇಲೇ ಇದ್ದಾನೆ.”

“ಕಾಲು ನೋಯ್ತದೋ ಏನೋ ಮಾಣಿಗೆ.”

ಭವ್ಯಶ್ರೀ ಬೆಳೆದಳು. ಅಪ್ಪ ಅಮ್ಮ ನಿವೃತ್ತರಾಗಿ ಪಡುಬಿದ್ರಿಗೆ ಹೋದರು. ಅದೇ ಫ್ಲ್ಯಾಟಿನಲ್ಲಿ ಈಗ ಅಣ್ಣ ಪೃಥ್ವಿರಾಜ್, ಅತ್ತಿಗೆ ಮಾನಸ, ಅವರ ಮಗಳು ಪೂರ್ವಿ. ಅವರ ಜೊತೆಗೇ ಇರುವ ಭವ್ಯಶ್ರೀ ಹತ್ತಿರದ ಒಂದು ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಕೂರುತ್ತಾಳೆ. ಅಲ್ಲಿ ಮಕ್ಕಳ ಕುರ್ಚಿಯ ಮೇಲೆ, ಚಾವಣಿಗೆ, ಒಂದು ಟಿ.ವಿ. ಕೂರಿಸಿದ್ದಾರೆ. ಬಾಯಿ ತೆರೆದುಕೊಂಡ ಮಕ್ಕಳು ರೆಪ್ಪೆ ಮಿಟುಕಿಸದೆ ಅದನ್ನೇ ನೋಡುತ್ತಿರುತ್ತಾರೆ. “ಮರಗಟ್ಟಿಸುವ ಇಂಜೆಕ್ಷನ್ನೇ ಬೇಡ ಮಾರಾಯ್ತಿ” ಎಂದು ನಗುತ್ತಾಳೆ ನರ್ಸ್ ಸುಸನ್, ಮಂಗಳೂರಿನವಳು. “ಇದೊಂದು ಹಾಕಿದ್ರೆ ಸಾಕು, ದವಡೆ ಕಿತ್ತುಕೊಂಡು ಹೋದ್ರೂ ಗೊತ್ತಾಗುದಿಲ್ಲ.”

ಈ ವರ್ಷ ಎರಡು ಸುದ್ದಿ ಒಟ್ಟಿಗೇ ಬಂದವು. ಅಜ್ಜಿ ಮತ್ತೆ ಬರುತ್ತಾರೆ. ಕಣ್ಣು ಪೂರ್ತಿ ಹೋಗಿದೆ, ಆದರೂ ಒಮ್ಮೆ ಪುಳ್ಳಿಯ, ಅಂದರೆ ಮೊಮ್ಮಗಳ, ಕೈ ಅಡುಗೆ ಉಣ್ಣಬೇಕಂತೆ. ಎರಡನೆಯದು, ಬೊಗ್ಗು ಮರಳುತ್ತಾನೆ. ಆ ಕಾರ್ಟೂನಿನ ಹೆಸರು ಕೊಂಡ ಹೊಸ ಕಂಪನಿಯೊಂದು ಬಾಕಿ ಕಥೆಯನ್ನು ಹೊಸದಾಗಿ ಮಾಡಿದೆ. ಮೊಬೈಲಿನಲ್ಲಿ ಜಾಹೀರಾತು ಕಂಡಾಗ ಭವ್ಯಶ್ರೀ ಫೈಲಿನ ಹಿಂದೆ ಮುಖ ಮುಚ್ಚಿಕೊಂಡು ಅತ್ತಳು. ಬಂಡೆ, ಲಾಟೀನು, ಕೆಳಗೆ ಒಂದು ಸಾಲು: ಕೊನೆಗೂ ಸಮುದ್ರ.

ಅವಳು ಅಜ್ಜಿಗೆ ಮೊದಲೇ ತಿಳಿಸಿದಳು. ಪೂರ್ವಿಗೂ ಹೇಳಿ ಹೇಳಿ ತಲೆ ತಿಂದಳು. “ನಿನ್ನ ಆ ಬಡಬಡ ಕಾರ್ಟೂನಿನ ಹಾಗಲ್ಲ ಪುಟ್ಟಾ, ಇದನ್ನು ನೋಡು ಒಮ್ಮೆ.”

ಆ ಶುಕ್ರವಾರ ಸಂಜೆ ಸಿದ್ಧತೆ ನಡೆಯಿತು. ಭವ್ಯಶ್ರೀ ಗೋಳಿಬಜೆ ಕರಿದಳು. ಅಜ್ಜಿ ಮುಖ ತೊಳೆದು, ಒಳ್ಳೆಯ ಸೀರೆ ಉಟ್ಟು, ಸೋಫಾದ ಮೇಲೆ ಕಾಲು ಮಡಿಸಿ ಕೂತರು.

“ಎಂತ ಅಜ್ಜಿ, ಮದುವೆಗೆ ಹೊರಟ ಹಾಗೆ?” ಪೃಥ್ವಿರಾಜ್ ಕೆಣಕಿದ.

“ಹೂಂ ಮತ್ತೆ! ಇಷ್ಟು ವರ್ಷ ಆದ ಮೇಲೆ ಬರ್ತಾ ಇದ್ದಾನೆ. ಮುದುಕಿ ಹಾಳು ಸೀರೆಯಲ್ಲಿ ಕೂರುದಾ?” ಅಜ್ಜಿ ಮೊಮ್ಮಗಳ ಮೊಣಕಾಲು ತಡವಿ ಹಿಡಿದರು. “ನೀನು ಕಂಡದ್ದು ಕಂಡ ಹಾಗೆ ಹೇಳು. ಕಟ್ಟಿ ಹೇಳ್ಬೇಡ.”

ಟಿ.ವಿ. ಹತ್ತಿತು. ಮೊದಲೇ ಒಂದು ಸ್ಫೋಟ. ಅಜ್ಜಿ ಬೆಚ್ಚಿದರು.

ಪರದೆಯ ಮೇಲೆ ನದಿ ಇತ್ತು, ಆದರೆ ಪ್ಲಾಸ್ಟಿಕ್ ಹಾಳೆಯ ಹಾಗೆ ಹೊಳೆಯುತ್ತಿತ್ತು. ಎಲೆ ಇತ್ತು, ಹನಿ ಇರಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡ, ಹಲ್ಲು ಕಿಸಿಯುವ ಒಂದು ಪ್ರಾಣಿ ಹಾರುವ ಹಲಗೆಯ ಮೇಲೆ ಬಂದು, ತೇಗಿ, ನೋಡುವವರ ಕಡೆ ಕಣ್ಣು ಹೊಡೆಯಿತು. ಅದರ ಲಾಟೀನಿಗೆ ಗುಂಡಿಗಳಿದ್ದವು. ಒತ್ತಿದರೆ ಹಸಿರು, ಕೆಂಪು, ನೇರಳೆ ಕಿರಣಗಳು ಹಾರುತ್ತಿದ್ದವು. ಒಬ್ಬರು ಮಾತು ಮುಗಿಸುವ ಮೊದಲು ಇನ್ನೊಬ್ಬರು ಅಣಕಿಸುತ್ತಿದ್ದರು. ಯಾರೂ ಎಲ್ಲಿಯೂ ನಿಲ್ಲುತ್ತಿರಲಿಲ್ಲ.

“ಈಗ ಅವನು... ಅಲ್ಲ, ಒಂದು ಆಮೆ ಬಂತು... ಆಮೆ ಬಿತ್ತು... ಅದರ ಮೇಲೆ ಕೇಕು...” ಭವ್ಯಶ್ರೀ ತಡವರಿಸಿದಳು. ಒಂದು ಹೇಳುವಷ್ಟರಲ್ಲಿ ನಾಲ್ಕು ಆಗಿಹೋಗಿರುತ್ತಿತ್ತು.

“ಹೂಂ” ಎಂದರು ಅಜ್ಜಿ. ಅದು ಒಂದು ಕಿರುಚಾಟದ ಮೇಲೆ ಬಿದ್ದು ಅಡಗಿಹೋಯಿತು. ಮತ್ತೊಮ್ಮೆ ಪ್ರಯತ್ನಿಸಿದರು. ಅದೂ ಹಾಗೆಯೇ ಹೋಯಿತು. ಅಜ್ಜಿ ತುಟಿ ತೆರೆದು, ಎಲ್ಲಿ ಹೂಂ ಹಾಕಲಿ ಎಂದು ಹುಡುಕುತ್ತ ಸ್ವಲ್ಪ ಹೊತ್ತು ಹಾಗೇ ಕೂತಿದ್ದರು. ಆಮೇಲೆ ಬಾಯಿ ಮುಚ್ಚಿದರು.

ಪೂರ್ವಿ ಮಾತ್ರ ಅತ್ತೆಯ ತೋಳು ಹಿಡಿದು ಬಿದ್ದು ಬಿದ್ದು ನಗುತ್ತಿದ್ದಳು. “ಮಾಮಿ, ಹೀ ಈಸ್ ಸೋ ಫನ್ನಿ! ಆ ಲೇಸರ್ ಲ್ಯಾಂಟರ್ನ್ ಮಾಲ್‌ನಲ್ಲಿ ಉಂಟು. ಐ ವಾಂಟ್ ಇಟ್!”

“ಬೊಗ್ಗು ಎಲ್ಲಿ?” ಅಜ್ಜಿ ಕೇಳಿದರು.

“ಇವನೇ ಅಜ್ಜಿ. ಈಗ ಮಾತಾಡಿದನಲ್ಲ.”

“ಇವ ಅಲ್ಲ.”

“ಇವನೇ. ಹೊಸದಾಗಿ ಮಾಡಿದ್ದು.”

ಅಜ್ಜಿ ಹಿಡಿದಿದ್ದ ಮೊಣಕಾಲು ಬಿಟ್ಟರು. “ನಂಗೆ ಕಣ್ಣು ಕಾಣುದಿಲ್ಲಾಂತ ಕೈಗೆ ಸಿಕ್ಕಿದ್ದು ಎಂತದ್ದೋ ಹಾಕಿ ಕೂರಿಸಿದ್ಯಾ ಭವ್ಯಾ? ಅವನ ಹೆಜ್ಜೆ ಸದ್ದು ನಂಗೆ ಗೊತ್ತುಂಟು. ಸಿಗ್ಲಿಲ್ಲ ಅಂತ ಹೇಳಿದ್ರೆ ಆಗ್ತಿತ್ತು. ಇಷ್ಟು ದೂರ ಬಂದವಳಿಗೆ ಹೀಗೆ ಮಾಡ್ಬಾರದಿತ್ತು.”

“ಇಲ್ಲ ಅಜ್ಜಿ, ಆಣೆ!”

“ಆಣೆ ಎಲ್ಲ ಹಾಕ್ಬೇಡ.” ಅಜ್ಜಿ ಗೋಡೆ ತಡವುತ್ತ ಎದ್ದು ಒಳಗೆ ಹೋದರು. ಗೋಳಿಬಜೆ ತಣ್ಣಗಾಯಿತು.

ಭವ್ಯಶ್ರೀಗೆ ಎಲ್ಲಿ ನೋವಾಯಿತು ಎಂದು ತಕ್ಷಣ ತಿಳಿಯಲೇ ಇಲ್ಲ. ಬಾಲ್ಯದ ಗೆಳೆಯನೊಬ್ಬ ಬರುತ್ತಾನೆಂದು ಬಾಗಿಲು ತೆರೆದರೆ, ಅವನ ಅಂಗಿ ತೊಟ್ಟ ಬೇರೊಬ್ಬ ಒಳನುಗ್ಗಿ, ಮನೆಯವರೆದುರು ಅವಳನ್ನೇ ಸುಳ್ಳಿಯನ್ನಾಗಿ ಮಾಡಿ ಹೋದ ಹಾಗಿತ್ತು. ಯಾರ ಕೊರಳಪಟ್ಟಿ ಹಿಡಿಯುವುದು? ಅಮೆರಿಕದಲ್ಲಿ ಯಾವುದೋ ಮೇಜಿನ ಸುತ್ತ ಕೂತವರಿಗೆ ಪಡುಬಿದ್ರಿಯ ಮುದುಕಿಯೊಬ್ಬಳು ಒಳ್ಳೆಯ ಸೀರೆ ಉಟ್ಟು ಕಾದದ್ದು ಹೇಗೆ ಗೊತ್ತಾಗಬೇಕು?

ಮರುದಿನದಿಂದ ಅಜ್ಜಿ ಎಂದಿನಂತೆಯೇ ಇದ್ದರು. ಉಂಡರು, ಪೂರ್ವಿಯ ಜಡೆ ಹೆಣೆದರು. ಆ ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಅದನ್ನು ಕೇಳದ ದಿನಗಳು ಭವ್ಯಶ್ರೀಗೆ ಹೊಸವು. ಅಜ್ಜಿ ಹೊರಡುವ ದಿನ ಹತ್ತಿರವಾಗುತ್ತಿತ್ತು. ಮತ್ತೆ ಬರುವ ವಯಸ್ಸು ಅವರದಲ್ಲ. ಕೊಟ್ಟ ಮಾತು ಹಾಗೇ ನೇತಾಡುತ್ತಿತ್ತು.

ಕೊನೆಯಲ್ಲಾದರೂ ಸಮುದ್ರ ಇದ್ದೀತು ಎಂಬ ಆಸೆಯಿಂದ ಅವಳು ಕ್ಲಿನಿಕ್ಕಿನ ಊಟದ ಬಿಡುವಿನಲ್ಲಿ, ಖಾಲಿ ಮಕ್ಕಳ ಕುರ್ಚಿಯಲ್ಲಿ ಒರಗಿ, ಉಳಿದ ಕಂತುಗಳನ್ನು ಒಂದೊಂದಾಗಿ ನೋಡಿದಳು. ಕಿರುಚಾಟ, ತೇಗು, ಲೇಸರ್. ಕೊನೆಯ ಕಂತಿನಲ್ಲಿ ನೀರುನಾಯಿ ಒಂದು ಬಂಡೆ ಏರಿತು. ಭವ್ಯಶ್ರೀ ಎದ್ದು ಕೂತಳು. ಅಲೆಯ ಸದ್ದು. ಅಷ್ಟರಲ್ಲಿ ನೀರುನಾಯಿಯ ಫೋನು ಗುಂಯ್ಗುಟ್ಟಿತು. ಪರದೆಯಲ್ಲಿ ಅದರ ಅಮ್ಮ. ಕೂದಲಿಗೆ ಸುರುಳಿ ಸುತ್ತಿಕೊಂಡಿದ್ದಾಳೆ. ‘ಎಲ್ಲಿ ಹಾಳಾಗಿ ಹೋಗಿದ್ದೀ? ನಾನು ಪಕ್ಕದ ಬೀದಿಗೇ ಮನೆ ಬದಲಾಯಿಸಿದ್ದು! ಲಾಟೀನಾ? ಮನೆಯಲ್ಲಿ ಕರೆಂಟು ಇದೆ!’ ಗೊಳ್ಳೆಂದು ನಗುವಿನ ಸದ್ದು. ನೀರುನಾಯಿ ಹಣೆ ಬಡಿದುಕೊಂಡು, ಸಮುದ್ರಕ್ಕೆ ಬೆನ್ನು ಹಾಕಿ ಹಾರಿಹೋಯಿತು. ಆಟಿಕೆಯ ಜಾಹೀರಾತು ಬಂತು.

“ಎಂತ ಮಾರಾಯ್ತಿ, ಕಾರ್ಟೂನಿಗೆ ಅಳ್ತಿಯಾ?” ಸುಸನ್ ಟಿಫಿನ್ ಡಬ್ಬಿ ಹಿಡಿದುಕೊಂಡೇ ಓಡಿಬಂದಳು.

“ಅವನ ಅಮ್ಮನನ್ನೇ ಜೋಕು ಮಾಡಿಬಿಟ್ರು ಸುಸನ್. ನಾವೆಲ್ಲ ಅವಳಿಗಾಗಿ ಎಷ್ಟು ಕಾದಿದ್ದೆವು! ಕಾದವರನ್ನೇ ನೋಡಿ ನಕ್ಕರು.”

ಸುಸನ್ ತಲೆಯೆತ್ತಿ ಆ ಪರದೆ ನೋಡಿದಳು. “ಇದು ಹಲ್ಲು ಕೀಳುವಾಗ ನೋಡ್ಲಿಕ್ಕೆ ಮಾಡಿದ್ದಲ್ವಾ? ನೀನು ಹಲ್ಲೆಲ್ಲ ಗಟ್ಟಿ ಇಟ್ಕೊಂಡು ನೋಡಿದ್ರೆ ಹೇಗೆ ತಡ್ಕೊಳ್ಳುದು? ಖಲಾಸ್, ಬಿಡು. ಕಥೆ ಹೇಳ್ತೇನೆ ಅಂದವರು ಅರ್ಧದಲ್ಲಿ ಮಲಗಿಬಿಟ್ರು ಅಂತ ಇಟ್ಕೋ.”

ಸುಸನ್ ಅದನ್ನು ಬರೀ ಸಮಾಧಾನಕ್ಕೆಂದು ಹೇಳಿದ್ದು. ಭವ್ಯಶ್ರೀಯ ಕಣ್ಣೊರೆಸುತ್ತಿದ್ದ ಕೈ ಅಲ್ಲೇ ನಿಂತಿತು.

ಅಜ್ಜಿ ಹೊರಡುವ ಹಿಂದಿನ ಸಂಜೆ ಅವಳು ಅವರನ್ನು ಸಮುದ್ರದಂಡೆಯ ಕಾರ್ನಿಶ್‌ಗೆ ಕರೆದೊಯ್ದಳು. ಪೂರ್ವಿ ಟ್ಯಾಬ್ ಬಗಲಲ್ಲಿಟ್ಟುಕೊಂಡೇ ಬಂದಳು. ಹೊತ್ತು ಮುಳುಗಿ, ಮಸೀದಿಯ ಬಾಂಗು ಮುಗಿದು, ನೀರಿನ ಮೇಲೆ ಆಚೆ ದಡದ ದೀಪಗಳು ಬಿದ್ದಿದ್ದವು. ಕಲ್ಲುಬೆಂಚಿನ ಮೇಲೆ ಅಜ್ಜಿಯನ್ನು ಕೂರಿಸಿ, ಭವ್ಯಶ್ರೀ ಪಕ್ಕದಲ್ಲಿ ಕೂತಳು.

“ಬೊಗ್ಗು ಬಂಡೆಯ ಮೇಲೆ ನಿಂತಿದ್ದನಂತೆ” ಎಂದು ಶುರುಮಾಡಿದಳು.

ಅಜ್ಜಿ ಮುಖ ತಿರುಗಿಸಿದರು. “ಕಟ್ಟಿ ಹೇಳ್ಬೇಡ ಅಂತ ಹೇಳಿದ್ದೆ.”

“ಕಂಡದ್ದನ್ನು ಮೊದಲು ಹೇಳ್ತೇನೆ ಅಜ್ಜಿ. ಆವತ್ತು ಹಾಕಿದ್ದು ಬೇರೆ ಏನೋ ಅಲ್ಲ. ಅದೇ. ಕೊನೆವರೆಗೂ ನೋಡಿದೆ. ಅದರಲ್ಲಿ ಅವ ಸಮುದ್ರ ಮುಟ್ಟುದಿಲ್ಲ. ಬೆನ್ನು ಹಾಕಿ ಹೋಗ್ತಾನೆ. ಅಮ್ಮನನ್ನು ನೋಡಿ ಜನ ನಗ್ತಾರೆ. ನಂಬುದಾದ್ರೆ ನಂಬಿ.”

ಅಜ್ಜಿ ಮುಖವನ್ನು ಇತ್ತ ತಿರುಗಿಸಿದರು. “ಅಮ್ಮನನ್ನು ನೋಡಿ ನಗುದಾ?”

“ಹೌದು.”

“ಮಕ್ಕಳಿಗೆ ತೋರಿಸುದಾ ಅದನ್ನು?” ಅವರ ಕೈ ತಡವುತ್ತ ಬಂದು ಮೊಮ್ಮಗಳ ಮೊಣಕಾಲು ಹಿಡಿಯಿತು. “ನಾನು ನಿನ್ನನ್ನು ಬೈದೆನಲ್ಲ ಮಗಾ. ಮೋಸ ನಮ್ಮಿಬ್ಬರಿಗೂ ಆದದ್ದು.”

“ಹೇಳುವವರು ಮಲಗಿದ್ರು ಅಜ್ಜಿ. ಆಗಲೇ ಮಲಗಿದ್ರು, ನಂಗೆ ಗೊತ್ತಾಗ್ಲಿಲ್ಲ. ಎದ್ದು ಬಂದು ಹೇಳ್ತಾರೆ ಅಂತ ಕಾದದ್ದೇ ತಪ್ಪು. ಹೂಂ ಅಂದದ್ದು ನಾನಲ್ವಾ?”

ಅಲೆ ಬಂದು ಕಲ್ಲಿಗೆ ಬಡಿದು ಹಿಂದೆ ಹೋಯಿತು. ಅಜ್ಜಿ ಸೆರಗು ಹೊದ್ದುಕೊಂಡು, ಕಾಲು ಮಡಿಸಿ, ನೇರ ಕೂತರು.

“ಹೂಂ” ಎಂದರು.

“ಬೊಗ್ಗು ಬಂಡೆಯ ಮೇಲೆ ನಿಂತಿದ್ದನಂತೆ. ಎಣ್ಣೆ ಮುಗಿದಿತ್ತು. ಲಾಟೀನು ಒಮ್ಮೆ ಉರಿದು, ಒಮ್ಮೆ ಕುಗ್ಗಿ, ಆರಿಹೋಯಿತು.”

“ಹೂಂ.”

“ಅಯ್ಯೋ, ಈಗ ಅಮ್ಮನಿಗೆ ಏನು ತೋರಿಸಲಿ ಎಂದು ಅವನು ಕತ್ತಲಲ್ಲೇ ಇಳಿದನಂತೆ. ಕಾಲಿಗೆ ಮರಳು ಸಿಕ್ಕಿತು. ಮರಳು ತಣ್ಣಗಾಯಿತು, ಒದ್ದೆಯಾಯಿತು.”

“ಹೂಂ.”

“ಡಸಂಟ್ ಹೀ ಹ್ಯಾವ್ ದ ಲೇಸರ್?” ಪೂರ್ವಿ ಟ್ಯಾಬಿನಿಂದ ತಲೆಯೆತ್ತಿದಳು.

“ಇಲ್ಲ. ಅವನ ಹತ್ತಿರ ಏನೂ ಇಲ್ಲ.”

“ಬೋರಿಂಗ್” ಎಂದಳು ಪೂರ್ವಿ. ಟ್ಯಾಬಿನ ಸದ್ದನ್ನು ಮಾತ್ರ ಕಡಿಮೆ ಮಾಡಿದಳು.

“ಅವನು ಆ ಆರಿದ ಲಾಟೀನನ್ನೇ ಎತ್ತಿ ಹಿಡಿದನಂತೆ. ಅದರ ಗಾಜಿನೊಳಗೆ ಗಾಳಿ ಹೊಕ್ಕು ಸಣ್ಣಗೆ ಊದಿದಂತೆ ಸದ್ದಾಯಿತು. ಅವರ ಮನೆಯ ಲಾಟೀನಿನ ಸದ್ದು. ನೀರಿನೊಳಗಿಂದ ಯಾರೋ ಅದನ್ನು ಗುರುತಿಸಿದರು. ಕಣ್ಣು ಕಾಣದಿದ್ದರೂ ಗುರುತಿಸಿದರು.”

ಅಜ್ಜಿಯ ಹೂಂ ಈ ಸಲ ಸ್ವಲ್ಪ ತಡವಾಗಿ, ಒದ್ದೆಯಾಗಿ ಬಂತು.

“ಬೊಗ್ಗು ಒಂದು ಹೆಜ್ಜೆ ಮುಂದಿಟ್ಟ. ಅಲೆ ಅವನ ಕಾಲಿನವರೆಗೆ ಬಂತು. ಅಜ್ಜಿ, ಬೊಗ್ಗು ಸಮುದ್ರ ಮುಟ್ಟಿದ.”

“ಹೂಂ” ಎಂದರು ಅಜ್ಜಿ.