ದಮಾಮಿನಿಂದ ಬಂದ ರಾಬಿಯಾ

ಶುಕ್ರವಾರ ಗಂಡಸರು ಜುಮಾ ನಮಾಜು ಮುಗಿಸಿ ಬಂದು ಉಂಡು ಮಲಗಿದ ಮೇಲೆ, ತೋಡಾರಿನ ಹೆಂಗಸರು ಒಬ್ಬೊಬ್ಬರಾಗಿ ಜೈನಬಮ್ಮನ ಮನೆ ಸೇರುತ್ತಿದ್ದರು. ಜೈನಬಮ್ಮನ ಮಗ ಅಝೀಮ್ ಸೌದಿಯ ದಮಾಮಿನಲ್ಲಿ ಕೆಲಸಕ್ಕಿದ್ದ. ಅಲ್ಲಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಟ್ಯಾಂಗ್ ಡಬ್ಬ, ಟೈಗರ್ ಬಾಮುಗಳ ನಡುವೆ ಟವೆಲಿನಲ್ಲಿ ಸುತ್ತಿದ ವೀಡಿಯೊ ಕ್ಯಾಸೆಟ್ಟುಗಳು ಬರುತ್ತಿದ್ದವು. ಎಲ್ಲವೂ ಪಾಕಿಸ್ತಾನದ ಉರ್ದು ನಾಟಕಗಳು, ಕ್ಯಾಂಪಿನ ಪಠಾಣ ಡ್ರೈವರನಿಂದ ಕಾಪಿ ಮಾಡಿಸಿದ್ದು. ತೋಡಾರಿನ ಹೆಂಗಸರಿಗೆ ಬರುವುದು ಬ್ಯಾರಿ, ತುಳು, ಸಿನಿಮಾದಿಂದ ಕಿವಿಗೆ ಬಿದ್ದ ಒಂದಿಷ್ಟು ಹಿಂದಿ. ಆ ಉದ್ದುದ್ದ ಉರ್ದುವಿನ ತಲೆಬುಡ ಅವರಿಗೆ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಅವರಿಗೆ ಇರ್ಷಾದ್ ಬೇಕು.

ಇರ್ಷಾದ್ ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮುಂಬಯಿಯ ಭೇಂಡಿ ಬಜಾರಿನ ಹೋಟೆಲಿನಲ್ಲಿ ಪ್ಲೇಟು ತೊಳೆಯುತ್ತಾ ಬೈಗುಳದಿಂದ ಹಿಡಿದು ಶಾಯರಿಯವರೆಗೆ ಉರ್ದು ಕಲಿತವನು. ಈಗ ಮೂಡುಬಿದಿರೆಯ ಮರದ ಮಿಲ್ಲಿನಲ್ಲಿ ದಿಮ್ಮಿ ಹೊರುತ್ತಿದ್ದ. ಟಿ.ವಿ. ಪಕ್ಕದ ಬಾಗಿಲ ದಾರಂದಕ್ಕೆ ಬೆನ್ನು ಕೊಟ್ಟು, ಹೆಂಗಸರ ಕಡೆ ಮುಖ ಮಾಡದೆ ಕೂತು, ಪರದೆಯಲ್ಲಿ ಆಡಿದ ಮಾತನ್ನು ಬ್ಯಾರಿಯಲ್ಲಿ ಹೇಳುವುದು ಅವನ ಶುಕ್ರವಾರದ ಕೆಲಸ.

ಆ ನಾಟಕಗಳ ಮೇಲೆ ಅವನಿಗೆ ಆಸೆಯೂ ಇತ್ತು, ಸಿಟ್ಟೂ ಇತ್ತು. ಅಲ್ಲಿ ಮರ ಸುತ್ತಿ ಕುಣಿಯುವವರಿಲ್ಲ. ನಮ್ಮ ಮನೆಗಳದ್ದೇ ಅತ್ತೆ, ನಮ್ಮದೇ ಬಾಗಿಲ ಪರದೆ, ನಮ್ಮದೇ ಚಹಾದ ಟ್ರೇ. ಒಬ್ಬಳು ಮಾತಾಡಲಿಕ್ಕೆ ನಿಂತರೆ ಅವಳ ಮಾತು ಮುಗಿಯುವ ತನಕ ಕೋಣೆಯಲ್ಲಿದ್ದ ಯಾರೂ ಕೆಮ್ಮುವುದಿಲ್ಲ. ಅದನ್ನು ನೋಡಿ ಅವನ ಮೈ ಜುಮ್ಮೆನ್ನುತ್ತಿತ್ತು. ಆದರೆ ಉಳಿದದ್ದು? ಬಡವನ ಮನೆ ಅಂತ ತೋರಿಸುವ ಹಜಾರ ತೋಡಾರಿನ ಮದ್ರಸಕ್ಕಿಂತ ದೊಡ್ಡದು. ಯಾರಿಗೂ ಬೆವರು ಬರುವುದಿಲ್ಲ. ಗಂಡ ಒಂದೊಂದು ಕ್ಯಾಸೆಟ್ಟಿನಲ್ಲೂ ಹೆಂಡತಿಗೆ ಹೊಡೆಯುತ್ತಾನೆ, ಕೊನೆಯದರಲ್ಲಿ ಎರಡು ಹನಿ ಕಣ್ಣೀರು ಹಾಕುತ್ತಾನೆ, ಅಲ್ಲಿಗೆ ಎಲ್ಲ ಮಾಫಿ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು, ತಾಳಿಕೊಂಡದ್ದಕ್ಕೆ ಫಲ ಪಡೆದಳು ನೋಡಿ ಎನ್ನುತ್ತಾ ಏಳುತ್ತಾರೆ. ಅದನ್ನು ಕೇಳಿದಾಗೆಲ್ಲ ಇರ್ಷಾದನಿಗೆ ಟಿ.ವಿ. ಎತ್ತಿ ಬಾವಿಗೆ ಹಾಕುವಷ್ಟು ಸಿಟ್ಟು ಬರುತ್ತಿತ್ತು.

ಈ ಸಲದ ನಾಟಕದವಳ ಹೆಸರು ರಾಬಿಯಾ. ಇರ್ಷಾದನ ತಂಗಿ ಸಜ್ನಾ ಅದನ್ನು ಅವನ ಹತ್ತಿರವೇ, ಅವನ ಎಡಗಡೆಗೆ ಕೂತು ನೋಡುತ್ತಿದ್ದಳು. ಅವಳಿಗೆ ಎಡಗಿವಿ ಕೇಳುತ್ತಿರಲಿಲ್ಲ. ಮುಂಡಾಜೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದ ಅವಳ ಗಂಡ ಇಬ್ರಾಹಿಂ ಖಲೀಲ್ ಹೊಡೆದ ಒಂದೇ ಏಟಿಗೆ ಆ ಕಿವಿ ಹೋಗಿತ್ತು. ಸಾರಿನಲ್ಲಿ ಉಪ್ಪು ಹೆಚ್ಚಾಯಿತು ಎಂಬುದು ಕಾರಣ. ಅದರ ಮಾರನೇ ದಿನ ಅವಳು ಉಟ್ಟ ಬಟ್ಟೆಯಲ್ಲಿ ಬಸ್ಸು ಹತ್ತಿ ತಾಯಿ ಶಹರ್ಬಾನುವಿನ ಮನೆಗೆ ಬಂದಿದ್ದಳು. ತಂದೆ ಇಲ್ಲದ ಮನೆ. ಯಜಮಾನಿಕೆ ಮಾಡುತ್ತಿದ್ದವನು ಶಹರ್ಬಾನುವಿನ ಅಣ್ಣ ಹಸನಬ್ಬ. ಅವನು ಮಸೀದಿಯ ಜಮಾತಿನಲ್ಲೂ ದೊಡ್ಡ ಮನುಷ್ಯ. ಬರುವ ಭಾನುವಾರ ಮುಂಡಾಜೆಯವರನ್ನು ಕರೆಸಿ ಮಾತಾಡಿ ಮುಗಿಸುವ ಎಂದಿದ್ದ. ಮುಗಿಸುವುದೆಂದರೆ ಸಜ್ನಾಳನ್ನು ವಾಪಸು ಕಳಿಸುವುದು, ಇದು ಎಲ್ಲರಿಗೂ ಗೊತ್ತಿತ್ತು.

ಆ ಶುಕ್ರವಾರ ರಾಬಿಯಾ ಮಾವನ ಮನೆಯ ಹಜಾರದಲ್ಲಿ ಎಲ್ಲ ಗಂಡಸರ ಎದುರು ನಿಂತಳು. ನಾನು ನಿಮ್ಮ ಮನೆಯ ಕುರ್ಚಿಯಲ್ಲ, ಬೇಕಾದಲ್ಲಿ ಇಡಲಿಕ್ಕೆ; ನನ್ನ ಮೈಮೇಲೆ ಎದ್ದ ಕೈ ನೀವು ಹಿಡಿಯಲಿಲ್ಲ, ಈಗ ಹೊರಟ ಕಾಲನ್ನೂ ಹಿಡಿಯಬೇಡಿ, ನಾನು ಹೋಗುತ್ತೇನೆ ಎಂದಳು. ಹಜಾರದಲ್ಲಿ ಒಬ್ಬನೂ ಉಸಿರೆತ್ತಲಿಲ್ಲ. ಇರ್ಷಾದ್ ಅದನ್ನು ತನ್ನದೇ ಮಾತಿನ ಹಾಗೆ ಹೇಳಿದ. ಕ್ಯಾಸೆಟ್ಟು ಅಲ್ಲಿಗೇ ಮುಗಿದಿತ್ತು. ಕೊನೆಯದು ಇನ್ನೂ ದಮಾಮಿನಿಂದ ಬರಬೇಕಿತ್ತು.

ಹೆಂಗಸರು ಹೋದ ಮೇಲೆ ಸಜ್ನಾ ಅದನ್ನೇ ಇನ್ನೊಮ್ಮೆ ಹಾಕು ಎಂದಳು. ಅವನು ರಿವೈಂಡ್ ಮಾಡಿ ಹಾಕಿದ. ಮತ್ತೆ ಕೇಳಿದಳು, ಮತ್ತೆ ಹಾಕಿದ.

"ಕಾಕಾ, ಭಾನುವಾರ ನಾನೇ ಮಾತಾಡ್ತೇನೆ," ಎಂದಳು ಸಜ್ನಾ. ಅಣ್ಣನನ್ನು ಅವಳು ಕರೆಯುವುದು ಕಾಕಾ ಎಂದೇ. "ಪರದೆಯ ಹಿಂದಿನಿಂದಾದ್ರೂ ಸರಿ."

"ಮಾತಾಡು. ನಡುವಲ್ಲಿ ನಿಲ್ಲಿಸ್ಬೇಡ ಮಾತ್ರ. ಒಮ್ಮೆ ನೀನು ಶುರು ಮಾಡಿದ್ರೆ ಅವ್ರು ಕೇಳ್ಲೇಬೇಕು."

ಅವನು ಅದನ್ನು ಖಂಡಿತವಾಗಿ ನಂಬಿದ್ದ. ಟಿ.ವಿ.ಯಲ್ಲಿ ಕೇಳಿದ್ದರಲ್ಲ.

ಭಾನುವಾರ ಜಗಲಿಯಲ್ಲಿ ಕುರ್ಚಿ ಹಾಕಿದರು. ಖಲೀಲ್ ಇಸ್ತ್ರಿಯ ಬಿಳಿ ಅಂಗಿಯಲ್ಲಿ, ಅತ್ತರು ಹಚ್ಚಿಕೊಂಡು ಬಂದಿದ್ದ. ಜತೆಗೆ ಅವನ ದೊಡ್ಡಪ್ಪ, ಇನ್ನಿಬ್ಬರು. ಹಸನಬ್ಬ ಎಲ್ಲರ ಆರೋಗ್ಯ ವಿಚಾರಿಸಿ, ಚಾರ್ಮಾಡಿ ರಸ್ತೆಯ ಹೊಂಡದ ಬಗ್ಗೆ ಎರಡು ಮಾತಾಡಿ, ಗಂಡ ಹೆಂಡತಿ ಎಂದ ಮೇಲೆ ಇದೆಲ್ಲ ಇರುವುದೇ ಎಂದು ಮೆಲ್ಲಗೆ ವಿಷಯಕ್ಕೆ ಬಂದ.

ಒಳಗಿನಿಂದ ಸಜ್ನಾಳ ಸ್ವರ ಬಂತು. "ನನಗೆ ಹೇಳಲಿಕ್ಕೆ ಉಂಟು ಮಾಮ. ನಾನು ಕುರ್ಚಿ ಅಲ್ಲ..."

"ಆಯ್ತು ಮಗಳೇ, ಗೊತ್ತಾಯ್ತು," ಎಂದ ಹಸನಬ್ಬ. ಗದರಲಿಲ್ಲ. ಎಷ್ಟು ಪ್ರೀತಿಯಿಂದ ಹೇಳಿದನೆಂದರೆ, ಅವಳು ಮಾತಾಡಿ ಮುಗಿಸಿದ್ದಾಳೆಂದೇ ಎಲ್ಲರಿಗೂ ಅನಿಸಿತು. ಅಷ್ಟರಲ್ಲಿ ಶಹರ್ಬಾನು ಪರದೆಯ ಸಂದಿನಿಂದ ಚಹಾದ ಟ್ರೇ ಚಾಚಿದಳು. ಸಜ್ನಾ ಮತ್ತೆ ಶುರು ಮಾಡಿದಳು. ಕಪ್ಪುಗಳು ಕೈಯಿಂದ ಕೈಗೆ ಹೋದವು. ದೊಡ್ಡಪ್ಪ ಸಕ್ಕರೆ ಇಲ್ಲದ್ದು ಯಾವುದು ಎಂದು ಕೇಳಿದ. ಇನ್ನೊಬ್ಬ ಬಿಸ್ಕತ್ತು ಅದ್ದಿದ, ಅದು ಮುರಿದು ಕಪ್ಪಿನೊಳಗೆ ಬಿತ್ತು, ನಕ್ಕರು. ಪರದೆಯ ಹಿಂದೆ ಅವಳ ಸ್ವರ ಇತ್ತು, ಆಮೇಲೆ ಇರಲಿಲ್ಲ. ಎಲ್ಲಿ ನಿಂತಿತೆಂದು ಯಾರೂ ಗಮನಿಸಲಿಲ್ಲ.

ಇರ್ಷಾದ್ ಎದ್ದು ನಿಂತ. "ಅವಳು ಹೇಳಿ ಮುಗಿಸ್ಲಿ. ಆಮೇಲೆ ಕುಡಿಯುವ ಚಹಾ."

"ನೀನು ಕೂತ್ಕೊ. ನಿನ್ನ ನಾಟಕ ಎಲ್ಲ ಜೈನಬಮ್ಮನ ಮನೆಯಲ್ಲಿ ಇಟ್ಕೊ ಮಾರಾಯ," ಎಂದ ಹಸನಬ್ಬ.

ಖಲೀಲ್ ಕಪ್ಪಿನೊಳಗೆ ನೋಡುತ್ತಾ ಮುಸಿಮುಸಿ ನಕ್ಕ. ಆ ನಗು ಕಂಡದ್ದೇ ಇರ್ಷಾದನಿಗೆ ಮುಂದಿನದು ತಿಳಿಯಲಿಲ್ಲ. ಖಲೀಲನ ಇಸ್ತ್ರಿಯ ಕಾಲರು ಅವನ ಮುಷ್ಟಿಯಲ್ಲಿತ್ತು, ಚಹಾ ಬಿಳಿ ಅಂಗಿಯ ಮೇಲಿತ್ತು, ನಾಲ್ಕು ಜನ ಅವನನ್ನು ಹಿಡಿದೆಳೆಯುತ್ತಿದ್ದರು.

ಅಲ್ಲಿಗೆ ಎಲ್ಲ ಮಗುಚಿತು. ಸಜ್ನಾಳ ಕಿವಿಯ ಸುದ್ದಿ ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ಮನೆಗೆ ಕರೆಸಿ ಅಳಿಯನ ಕಾಲರು ಹಿಡಿಯುವುದಾ, ಇದೇನು ಮರ್ಯಾದೆಯವರ ಮನೆಯಾ ಎಂದು ದೊಡ್ಡಪ್ಪ ಎದ್ದು ಚಪ್ಪಲಿ ಹುಡುಕತೊಡಗಿದ. ಹಸನಬ್ಬ ಅವನ ಕೈ ಹಿಡಿದು, ಹುಡುಗನಿಗೆ ಶಾಲೆ ಇಲ್ಲ, ಬುದ್ಧಿ ಇಲ್ಲ, ನಮ್ಮ ಮುಖ ನೋಡಿ ಎಂದು ಬೇಡಿಕೊಂಡ. ಉಮ್ಮ ಶಹರ್ಬಾನು ಒಳಗೆ ಎದೆ ಬಡಿದುಕೊಳ್ಳುತ್ತಿದ್ದಳು. ಇರ್ಷಾದ್ ಮಾಫಿ ಕೇಳಬೇಕು, ಹುಡುಗಿ ಇವತ್ತೇ ಹೊರಡಬೇಕು. ಮುಂಡಾಜೆಯವರ ಶರ್ತ ಅದು. ಇರ್ಷಾದ್ ಆಗುವುದಿಲ್ಲ ಎಂದ. ಸಾಯಿಸಿದರೂ ಇಲ್ಲ ಎಂದ.

ಆಗ ಸಜ್ನಾ ಪರದೆ ಸರಿಸಿದಳು. ಬುರ್ಖಾ ಹಾಕಿಕೊಂಡಾಗಿತ್ತು.

"ಮಾಫಿ ಕೇಳಿಬಿಡು ಕಾಕಾ," ಎಂದಳು. "ಇಲ್ಲದಿದ್ರೆ ಇದನ್ನೂ ಅಲ್ಲಿ ನನ್ನ ಮೇಲೆಯೇ ತೀರಿಸ್ತಾರೆ."

ಅವನು ಕೇಳಿದ. ಕಾಲರು ಸರಿಮಾಡಿಕೊಳ್ಳುತ್ತಿದ್ದ ಆ ಮನುಷ್ಯನ ಎದುರು ನಿಂತು, ತಪ್ಪಾಯಿತು ಭಾವ ಎಂದ. ಅವನು ಅದನ್ನು ಹೇಳುವಾಗ ಮಾತ್ರ ಜಗಲಿಯಲ್ಲಿ ಯಾರೂ ಕೆಮ್ಮಲಿಲ್ಲ, ಕಪ್ಪು ಅಲುಗಿಸಲಿಲ್ಲ. ಕೊನೆಯ ಅಕ್ಷರದವರೆಗೆ ಕೇಳಿಸಿಕೊಂಡರು. ಸಂಜೆಗೆ ಮುಂಚೆ ಜೀಪು ಹೊರಟಿತು.

ಕೊನೆಯ ಕ್ಯಾಸೆಟ್ಟು ಬರುವಾಗ ಮಳೆಗಾಲ ಕಳೆದಿತ್ತು. ಉಮ್ಮನಿಗೆ ಜ್ವರವೆಂದು ಸಜ್ನಾ ಒಂದು ದಿನದ ಮಟ್ಟಿಗೆ ಬಂದಿದ್ದಳು. ಸಂಜೆ ಬೆಳ್ತಂಗಡಿಯ ಬಸ್ಸಿಗೆ ಮುಂಡಾಜೆಗೆ ವಾಪಸು ಹೋಗಲೇಬೇಕು. ಹೇಗಿದ್ದೀ ಎಂದು ಇರ್ಷಾದ್ ಕೇಳಿದ್ದಕ್ಕೆ, ಈಗ ಉಪ್ಪು ಕಮ್ಮಿ ಹಾಕ್ತೇನೆ ಎಂದಿದ್ದಳು. ಅವನಿಗೆ ನಾಟಕ ಬೇಡವಾಗಿತ್ತು. ಆದರೂ ಅವಳು ನೋಡುತ್ತೇನೆ ಎಂದಳೆಂದು ಜೈನಬಮ್ಮನ ಮನೆಗೆ ಬಂದು ಅದೇ ದಾರಂದಕ್ಕೆ ಬೆನ್ನು ಕೊಟ್ಟು ಕೂತ.

ಆಗಬೇಕಾದದ್ದೇ ಆಯಿತು. ರಾಬಿಯಾಳ ತವರಿನ ಬಾಗಿಲಲ್ಲಿ ಗಂಡ ಬಂದು ನಿಂತ. ಕಣ್ಣು ತುಂಬಿತ್ತು, ಗಡ್ಡ ಬೆಳೆದಿತ್ತು. ಹಿಂದಿನಿಂದ ಪಿಟೀಲು ಶುರುವಾಯಿತು. ಅವನು ಮಾಫಿ ಕೇಳತೊಡಗಿದ, ಮಾತಾಡುತ್ತಲೇ ಹೋದ. ಎಂಥ ಚಂದದ ಉರ್ದು! ಆ ಮಾತು ಬರೆದವನ ಕೈ ಸಿಕ್ಕಿದರೆ ಮುತ್ತಿಡಬೇಕೋ ಮುರಿಯಬೇಕೋ ಇರ್ಷಾದನಿಗೆ ತಿಳಿಯಲಿಲ್ಲ. ಅವನು ಅದನ್ನು ಬ್ಯಾರಿಯಲ್ಲಿ ಹೇಳಲಿಲ್ಲ. ಹೆಂಗಸರು ಅವನಿಗಾಗಿ ಕಾಯಲೂ ಇಲ್ಲ. ಭಾಷೆ ಗೊತ್ತಾಗದೆಯೂ ಎಲ್ಲ ಗೊತ್ತಾಗಿ, ಆಗಲೇ ಸೆರಗು ಕಣ್ಣಿಗೆ ಹೋಗಿತ್ತು.

ಸಜ್ನಾ ಬಲಗಿವಿಯನ್ನು ಅವನ ಕಡೆ ತಿರುಗಿಸಿದಳು. "ಎಂತ ಹೇಳ್ತಾನೆ?"

"ಚಹಾ ಕೇಳ್ತಿದ್ದಾನೆ."

ಇಷ್ಟುದ್ದ ಮಾತಾಡಿದ್ದು ಒಂದು ಚಹಾಕ್ಕಾ ಎಂದು ಜೈನಬಮ್ಮ ಹಿಂದಿನಿಂದ ಬೈದಳು. ಸಜ್ನಾ ನಗಲಿಲ್ಲ. ಟಿ.ವಿ. ಪರದೆಯ ಮೇಲಿನ ಗಂಡಸನ್ನು ನೋಡಿದಳು.

"ಅವಳು ಕೊಡ್ತಾಳಾ?"

"ಕೊಡ್ತಾಳೆ."

"ಹಾಂ," ಎಂದಳು ಸಜ್ನಾ. ಬಸ್ಸಿಗೆ ಹೊತ್ತಾಗುತ್ತಿತ್ತು. ಮುಂದಿನದನ್ನು ನೋಡದೆ ಎದ್ದು, ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಬುರ್ಖಾವನ್ನು ತೆಗೆದುಕೊಂಡಳು.