ಸೋರದ ಪೈಪು

ಬಚ್ಚಲುಮನೆಯ ಗೋಡೆ ಒಡೆದವನು ಕಿವಿಯಣ್ಣನೇ. ಸುತ್ತಿಗೆ, ಉಳಿ ಹಿಡಿದು ಟೈಲ್ಸ್ ಕಿತ್ತು, ಇಟ್ಟಿಗೆ ತೆಗೆದು, ಪೈಪು ಕಣ್ಣಿಗೆ ಬೀಳುವವರೆಗೂ ಬಿಡಲಿಲ್ಲ. ಪೈಪು ನೋಡಿದರೆ ಒಣಗಿ ಬೆಂಡಾಗಿತ್ತು.

"ಊರಿನ ರಸ್ತೆ ಅಗೆದಿದ್ದು ಸಾಲ್ದು ಅಂತ ಮನೆಗೂ ಕೈ ಹಾಕಿದ್ರಾ?" ಎಂದಳು ಹೆಂಡತಿ.

"ಎಲ್ಲೋ ಸೋರ್ತಾ ಇದೆ ಕಣೇ. ಸುಂಯ್ ಅಂತಿದೆ. ನಿಂಗೆ ಕೇಳಿಸ್ತಿಲ್ವಾ?"

"ನಂಗೆ ಕೇಳಿಸ್ತಿರೋದು ನಿಮ್ಮ ಸುತ್ತಿಗೆ ಒಂದೇ."

ಅವಳ ಮಾತನ್ನು ಅವನು ನಂಬುವುದುಂಟೇ? ನೀರು ಸರಬರಾಜು ಇಲಾಖೆಯಲ್ಲಿ ಅವನ ಕೆಲಸವೇ ಸೋರಿಕೆ ಕೇಳುವುದು. ರಸ್ತೆಗೆ ಉದ್ದನೆಯ ಕಬ್ಬಿಣದ ಸರಳು ಊರಿ, ಮೇಲಿನ ತುದಿಗೆ ಕಿವಿ ಕೊಟ್ಟು, ನೆಲದಡಿಯಲ್ಲಿ ಪೈಪು ಎಲ್ಲಿ ಒಡೆದಿದೆ ಎಂದು ಹೇಳುವುದು. ಅವನು ಸೀಮೆಸುಣ್ಣದಲ್ಲಿ ಗುರುತು ಹಾಕಿದ ಕಡೆ ಜೊತೆಗಾರ ಡ್ರಿಲ್ಲು ಇಳಿಸುತ್ತಿದ್ದ. ಗುರುತು ತಪ್ಪಿದ್ದೇ ಇಲ್ಲ. ಹಾಗಾಗಿ ಅವನ ನಿಜ ಹೆಸರು ಮರೆತು ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಆ ಜಂಬ ಅವನಿಗೂ ತುಸು ಹೆಚ್ಚೇ ಇತ್ತು.

ಮನೆಯ ನೀರನ್ನೇ ಪೂರ್ತಿ ನಿಲ್ಲಿಸಿ ನೋಡಿದ. ಸುಂಯ್. ತಾರಸಿಗೆ ಹೋದ. ಅಲ್ಲೂ ಸುಂಯ್. ಪೈಪಿನ ಸುಳಿವೇ ಇಲ್ಲದ ಆಟದ ಮೈದಾನದ ನಟ್ಟನಡುವೆ ಹೋಗಿ ನಿಂತ. ಸದ್ದು ಅಲ್ಲಿಗೂ ಬೆನ್ನುಬಿಡದೆ ಬಂದಿತ್ತು. ಆಗ ಅವನಿಗೆ ಗೊತ್ತಾಯಿತು: ಸೋರುತ್ತಿದ್ದುದು ಗೋಡೆಯೊಳಗಲ್ಲ, ತನ್ನ ತಲೆಯೊಳಗೆ.

ಆಮೇಲೆ ಕೂತರೆ ಕೂರಲಾರ, ನಿಂತರೆ ನಿಲ್ಲಲಾರ. ಊಟಕ್ಕೆ ಕೂತವನು ಅರ್ಧಕ್ಕೇ ಎದ್ದು ಕಿಟಕಿ ತೆಗೆಯುತ್ತಿದ್ದ, ಮರುಗಳಿಗೆ ಹಾಕುತ್ತಿದ್ದ. ಕಚೇರಿಗೆ ಗೊತ್ತಾದರೆ ಸರಳು ಕಿತ್ತುಕೊಂಡು ನೀರಿನ ಬಿಲ್ಲು ಹಂಚೋಕೆ ಕಳಿಸುತ್ತಾರೆ ಎಂಬ ಭಯ ಬೇರೆ. ಕೊನೆಗೆ ಹೆಂಡತಿಯೇ ರಟ್ಟೆ ಹಿಡಿದು ಕಿವಿ ಡಾಕ್ಟರ ಬಳಿಗೆ ಎಳೆದೊಯ್ದಳು.

ಅಲ್ಲಿ ಅವನನ್ನು ಸದ್ದೇ ನುಗ್ಗದ ಪುಟ್ಟ ಕೋಣೆಯಲ್ಲಿ ಕೂರಿಸಿ, ದನಿ ಕೇಳಿಸಿದಾಗ ಗುಂಡಿ ಒತ್ತಿ ಎಂದರು. ಇಂಥ ಪರೀಕ್ಷೆಯಲ್ಲಿ ತಾನು ಸೋಲುವುದೇ ಎಂದು ಅವನು ಒತ್ತಿದ್ದೇ ಒತ್ತಿದ್ದು. ಡಾಕ್ಟರಮ್ಮ ಬಾಗಿಲು ತೆಗೆದು, "ನಾನಿನ್ನೂ ಶುರುನೇ ಮಾಡಿಲ್ಲ" ಎಂದರು. ಅವನಿಗೆ ಅಳುವೇ ಬಂದಂತಾಯಿತು.

"ಡ್ರಿಲ್ಲಿನ ಪಕ್ಕ ಕಿವಿ ಮುಚ್ಕೊಳ್ದೆ ನಿಂತಿದ್ದೀರಿ. ಸಣ್ಣ ದನಿಗಳು ಈಗ ಒಳಗೆ ಬರ್ತಿಲ್ಲ. ಆ ಖಾಲಿ ಜಾಗಾನ ಮಿದುಳು ತಾನೇ ತುಂಬ್ಕೊಳ್ತಿದೆ" ಎಂದರು ಪರೀಕ್ಷೆ ಮುಗಿಸಿ.

"ನಿಲ್ಸೋಕೆ ಒಂದು ಮಾತ್ರೆ ಕೊಡಿ ಮೇಡಂ."

"ಅಂಥ ಮಾತ್ರೆ ಇಲ್ಲ. ಕಿವಿಗೆ ಯಂತ್ರ ಹಾಕೋಣ, ಎಷ್ಟೋ ಹಗುರಾಗುತ್ತೆ. ತೀರಾ ನಿಶ್ಶಬ್ದದಲ್ಲಿ ಕೂರ್ಬೇಡಿ, ಫ್ಯಾನೋ ರೇಡಿಯೋನೋ ಮೆಲ್ಲಗೆ ಇರ್ಲಿ. ಆಮೇಲೆ ಆ ಸದ್ದನ್ನ ಹುಡುಕ್ಕೊಂಡು ಹೋಗ್ಬೇಡಿ. ಹುಡುಕಿದಷ್ಟೂ ಜಾಸ್ತಿ ಆಗುತ್ತೆ."

ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನಿಗೆ ಇದೆಂಥ ಪಥ್ಯ!

ಮರುದಿನ ಅಂಗಡಿ ಬೀದಿಯಲ್ಲಿ ಕೆಲಸ. ಒಂದು ನೆಲಮಾಳಿಗೆಗೆ ನೀರು ನುಗ್ಗಿತ್ತು. ಕಿವಿಯಣ್ಣ ಸರಳು ಊರಿದ. ಸುಂಯ್. ಎರಡು ಮಾರು ಆಚೆ ಊರಿದ. ಸುಂಯ್. ಅಂಗಡಿಯವರು ಸುತ್ತ ನಿಂತು ನೋಡುತ್ತಿದ್ದರು. ಸುಮ್ಮನೆ ಎಲ್ಲೋ ಒಂದು ಗುರುತು ಗೀಚಿಬಿಡೋಣ ಎಂದು ಸೀಮೆಸುಣ್ಣ ನೆಲಕ್ಕೆ ಮುಟ್ಟಿಸಿಯೂ ಆಗಿತ್ತು. ಆದರೆ ಕೈ ಬರಲಿಲ್ಲ. ಜೊತೆಗಾರನನ್ನು ಪಕ್ಕಕ್ಕೆ ಕರೆದ.

"ನನ್ನ ಕಿವಿ ಕೆಟ್ಟಿದೆ ಕಣೋ. ಒಳಗೇ ಸುಂಯ್ ಅಂತಿರುತ್ತೆ. ಯಾವುದು ಪೈಪು, ಯಾವುದು ನಾನು ಗೊತ್ತಾಗ್ತಿಲ್ಲ."

ಜೊತೆಗಾರ ಬೆರಗಾಗಿ ನೋಡಿದ. "ಆ ಸದ್ದಾ? ಅದು ಎಲ್ರಿಗೂ ಇರುತ್ತಲ್ಲ ಅಣ್ಣ? ನನ್ನ ಮಗಳು ಹುಟ್ಟೋಕೆ ಮುಂಚಿನಿಂದ ನಂಗಿದೆ. ಸದ್ದಿಲ್ದೆ ಇರೋದು ಅಂದ್ರೆ ಹಂಗೇ ಕೇಳ್ಸೋದು ಅಂದ್ಕೊಂಡಿದ್ದೆ."

ಕಿವಿಯಣ್ಣ ಅವನ ಕೈಯಲ್ಲಿದ್ದ ಡ್ರಿಲ್ಲನ್ನು ನೋಡಿದ. ತಾನು ಡ್ರಿಲ್ಲಿನ ಪಕ್ಕ ನಿಂತವನು. ಇವನು ಅದನ್ನು ಎದೆಗೆ ಒತ್ತಿ ಹಿಡಿದವನು. ತನ್ನ ಕಿವಿಯನ್ನು ಊರೆಲ್ಲ ಮೆರೆಸಿಕೊಂಡು ಓಡಾಡಿದ ತನಗೆ, ಪಕ್ಕದವನಿಗೂ ಕಿವಿಯಿದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ.

"ಡ್ರಿಲ್ಲು ಕೆಳಗಿಡು. ಸಾಹೇಬ್ರಿಗೆ ಎಲ್ಲಾ ಹೇಳ್ಬಿಡ್ತೀನಿ. ಬೇರೆಯವರು ಬಂದು ಕೇಳ್ಲಿ. ನೀನು ನನ್ನ ಜೊತೆ ಡಾಕ್ಟರ ಹತ್ರ ನಡಿ."

"ನಂಗೇನಾಗಿದೆ ಅಣ್ಣ?" ಎಂದ ಅವನು, ಬೀದಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. ಅವನು ಮಾತಾಡುವುದೇ ಹಾಗೆ. ಅದು ಅವನ ಗಂಟಲಿನ ಗುಣ ಎಂದೇ ಕಿವಿಯಣ್ಣ ಇಷ್ಟು ವರ್ಷ ತಮಾಷೆ ಮಾಡಿದ್ದ.