ಯಾವ ಕೆಂಪು

"ಇದು ಯಾವ ಬಣ್ಣ, ಹೇಳಿ ನೋಡೋಣ" ಎಂದು ಎದುರು ಪಕ್ಷದ ವಕೀಲ ಕಾಗದದ ಪೊಟ್ಟಣದಿಂದ ಒಂದು ಬನ್ನು ತೆಗೆದು ಕಟಕಟೆಯ ಅಡ್ಡಪಟ್ಟಿಯ ಮೇಲಿಟ್ಟ.

ಬೇಕರಿ ಅಕ್ಕ ಬನ್ನನ್ನು ನೋಡಿದಳು. ತನ್ನದೇ ಬನ್ನು. ಬೆಳಿಗ್ಗೆ ತಾನೇ ನಾದಿ, ತಾನೇ ಉಂಡೆ ಕಟ್ಟಿ, ಕೋರ್ಟಿಗೆ ಹೊತ್ತಾಯಿತೆಂದು ಗಡಿಬಿಡಿಯಲ್ಲಿ ಓವನ್ನಿನಿಂದ ತೆಗೆದದ್ದು. ಯಾರನ್ನೋ ಕಳಿಸಿ ಅಂಗಡಿಯಿಂದಲೇ ತರಿಸಿದ್ದಾನೆ ಈ ಮಹಾನುಭಾವ. ಇವನಿಗೆ ಮಾಡಲು ಬೇರೆ ಕೆಲಸವೇ ಇಲ್ಲವೆ ಎಂದು ಅವಳಿಗೆ ಮೈ ಉರಿಯಿತು.

"ಕೆಂಪು" ಎಂದಳು.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ವಕೀಲ ನಗಲಿಲ್ಲ. ಫೈಲು ಕಟ್ಟುವ ಕುಂಕುಮ ಬಣ್ಣದ ದಾರವನ್ನು ಬಿಚ್ಚಿ ಬನ್ನಿನ ಪಕ್ಕದಲ್ಲಿ ಹಾಸಿದ.

"ಇದು?"

"ಅದೂ ಕೆಂಪೇ."

"ಅಂದ್ರೆ ಎರಡೂ ಒಂದೇ ಬಣ್ಣ."

"ಒಂದೇ ಅಂತ ಯಾರಂದ್ರು? ಕಣ್ಣಿಲ್ವಾ ನಂಗೆ? ಅದು ಬೇರೆ, ಇದು ಬೇರೆ."

"ಆದ್ರೆ ಎರಡೂ ಕೆಂಪು."

"ಹೂಂ. ಎರಡೂ ಕೆಂಪು. ಇದರಲ್ಲೇನಿದೆ ಕಷ್ಟ?"

ಕಷ್ಟವೇನಿತ್ತೆಂದರೆ, ಅವಳ ತಂಗಿಯ ಇಡೀ ಮೊಕದ್ದಮೆ ಆ ಒಂದು ಪದದ ಮೇಲೆ ನಿಂತಿತ್ತು. ಹೋದ ವರ್ಷ ಬೇಕರಿಯ ಎದುರಿನ ರಸ್ತೆಯಲ್ಲೇ ತಂಗಿಗೆ ಹಿಂದಿನಿಂದ ಒಂದು ವ್ಯಾನು ಗುದ್ದಿ, ನಿಲ್ಲಿಸದೆ ಹೋಗಿತ್ತು. ಕಣ್ಣಾರೆ ನೋಡಿದವಳು ಅಕ್ಕ ಒಬ್ಬಳೇ. ನಂಬರಿನ ಮೇಲೆ ಕೆಸರು ಮೆತ್ತಿಕೊಂಡಿತ್ತು. ಪೊಲೀಸರಿಗೆ ಅವಳು ಹೇಳಿದ್ದು 'ಕೆಂಪು ವ್ಯಾನು' ಎಂದಷ್ಟೇ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರು ಅವರು. ಯಾವ ಕೆಂಪು ಎಂದು ಕೇಳದೆ ಬರೆದುಕೊಂಡರು. ಆಮೇಲೆ ಮೂತಿ ಜಜ್ಜಿದ ಒಂದು ವ್ಯಾನನ್ನೂ ಅದರ ಚಾಲಕನನ್ನೂ ಹಿಡಿದು ತಂದರು. ಚಾಲಕ, ಗೇಟಿನ ಕಂಬಕ್ಕೆ ಗುದ್ದಿದ್ದು ಎಂದ. ವ್ಯಾನು ನೋಡಿದರೆ ಬನ್ನಿನ ಬಣ್ಣದ್ದು. ಅಕ್ಕನ ಮಾತು ನಿಂತರೆ ಅವನಿಗೆ ಶಿಕ್ಷೆ, ಬಿದ್ದರೆ ಅವನು ಸೀದಾ ಮನೆಗೆ. ತಂಗಿ ಕೊನೆಯ ಬೆಂಚಿನಲ್ಲಿ ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅಕ್ಕನ ಬಾಯನ್ನೇ ನೋಡುತ್ತಿದ್ದಳು.

"ಕಂದು ಅನ್ನಿ ಅಮ್ಮಾ, ಕಂದು! ಇಲ್ಲ ಬ್ರೌನ್ ಅನ್ನಿ, ನಿಮಗೆ ಪುಣ್ಯ ಬರುತ್ತೆ" ಎಂದು ಅಕ್ಕತಂಗಿಯರ ಕಡೆಯ ವಕೀಲರು ವರಾಂಡದಲ್ಲಿ ಬೆಳಿಗ್ಗೆಯಿಂದ ಬೇಡಿಕೊಂಡಿದ್ದರು. ಕಂದು ಎನ್ನುವ ಪದ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಶಾಲೆಯ ಪುಸ್ತಕದಲ್ಲಿ ಓದಿದ್ದಳು, ಪರೀಕ್ಷೆಯಲ್ಲೂ ಬರೆದಿದ್ದಳು. ಆದರೆ ಜೀವಮಾನದಲ್ಲಿ ಬಾಯಿಬಿಟ್ಟು ಯಾರ ಹತ್ತಿರವೂ ಆಡಿರಲಿಲ್ಲ. ಮನೆಯಲ್ಲಿ ಚಹಾ ಕೆಂಪು, ಇಟ್ಟಿಗೆ ಕೆಂಪು, ಅಂಗಡಿ ಮೆಟ್ಟಿಲ ಮೇಲೆ ಬಿದ್ದುಕೊಳ್ಳುವ ನಾಯಿಯೂ ಕೆಂಪು. ಈರುಳ್ಳಿ ಹುರಿದರೆ ಕೆಂಪಗೆ ಹುರಿಯಬೇಕು. ಓವನ್ನಿನೊಳಗಿನ ಹಿಟ್ಟಿಗಂತೂ ಎರಡೇ ಬಣ್ಣ, ಮೊದಲು ಬಿಳಿ, ಆಮೇಲೆ ಕೆಂಪು. ಅದನ್ನೂ ದಾಟಿದರೆ ಕಪ್ಪು, ಅಂದರೆ ನಾಯಿಯ ಪಾಲು. 'ಬನ್ನು ಕಂದಗಾಯ್ತಾ ನೋಡೇ' ಎಂದು ತಂಗಿಗೆ ಕೂಗಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು.

"ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರೆ" ಎಂದು ವಕೀಲ ನ್ಯಾಯಾಧೀಶರ ಕಡೆ ತಿರುಗಿದ. "ಇವರ ಬೇಕರೀಲಿ ಮಾತ್ರ ಕಂಡದ್ದೆಲ್ಲ ಕೆಂಪು, ಸ್ವಾಮಿ."

ಈ ಸಲ ನಗು ಜೋರಾಗಿಯೇ ಬಂತು. ಅಕ್ಕನಿಗೆ ತಡೆಯಲಾಗಲಿಲ್ಲ. ಕಟಕಟೆಯ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನನ್ನನ್ನ ಆಡ್ಕೋಬೇಡಿ. ನಿಮ್ಮ ಕರಿ ಕೋಟು ನೋಡ್ಕೊಳ್ಳಿ ಮೊದಲು. ಒಗೆದು ಒಗೆದು ಹೆಗಲ ಮೇಲೆಲ್ಲ ಕೆಂಪಗಾಗಿದೆ."

ನಿಜವೇ ಆಗಿತ್ತು. ಬಿಸಿಲಿಗೋ ಸಾಬೂನಿಗೋ ಕೋಟಿನ ಹೆಗಲು ಮಾಸಿ ಬಣ್ಣ ತಿರುಗಿತ್ತು. ನ್ಯಾಯಾಧೀಶರು ಕೂಡ ಕನ್ನಡಕ ಸರಿಮಾಡಿಕೊಂಡು ಒಂದು ಸಲ ನೋಡಿದರು. ಅಕ್ಕನಿಗೆ ಒಂದು ಗಳಿಗೆ ಜೀವ ತಂಪಾಯಿತು. ಆದರೆ ವಕೀಲನ ಮುಖ ಬಾಡುವ ಬದಲು ಅರಳಿತು. ಅವನು ಹೆಗಲನ್ನು ಬೆರಳಿನಿಂದ ಮುಟ್ಟಿ ತೋರಿಸಿದ.

"ಇದೂ ಕೆಂಪು ಅಂತ ಬರಕೊಳ್ಳಿ" ಎಂದು ಬೆರಳಚ್ಚಿನವಳಿಗೆ ಹೇಳಿ, ದನಿ ತಗ್ಗಿಸಿದ. "ಸರಿ ಅಮ್ಮ. ಜಗಳ ಬೇಡ. ನೀವು ಹೇಳಿದ್ದನ್ನೆಲ್ಲ ನಾನು ಒಪ್ತೀನಿ. ಬನ್ನು ಕೆಂಪು, ದಾರ ಕೆಂಪು, ಕೋಟೂ ಕೆಂಪು. ಅವತ್ತು ನೀವು ನೋಡಿದ ವ್ಯಾನು ಇದರಲ್ಲಿ ಯಾವ ಕೆಂಪು?"

ಅಕ್ಕತಂಗಿಯರ ಕಡೆಯ ವಕೀಲರು ಎದ್ದು ನಿಂತರು. ಮಾತನಾಡುವಂತಿಲ್ಲದ್ದರಿಂದ ಕಣ್ಣಿನಲ್ಲೇ ಬನ್ನನ್ನು ತೋರಿಸುತ್ತಿದ್ದರು. ತೋರಿಸಬೇಕಾಗಿಯೇ ಇರಲಿಲ್ಲ. ಬನ್ನಿನ ಮೇಲೆ ಒಂದು ಬೆರಳಿಟ್ಟರೆ ಕೆಲಸ ಮುಗಿಯುತ್ತಿತ್ತು. ಅದು ಅವಳಿಗೂ ಗೊತ್ತಿತ್ತು, ತಂಗಿಗೂ ಗೊತ್ತಿತ್ತು, ಆ ಕಡೆ ಗೋಡೆಗೆ ಒರಗಿ ನಿಂತು ಉಗುರು ಕಚ್ಚುತ್ತಿದ್ದ ಚಾಲಕನಿಗೂ ಗೊತ್ತಿತ್ತು.

"ನಿಧಾನವಾಗಿ ನೆನಪು ಮಾಡ್ಕೊಂಡು ಹೇಳಿ" ಎಂದರು ನ್ಯಾಯಾಧೀಶರು.

ಅಕ್ಕ ಬೆರಳನ್ನು ಎತ್ತಿದವಳು ಹಾಗೇ ಕಣ್ಣು ಮುಚ್ಚಿದಳು. ಎಲ್ಲವೂ ಬಂತು. ಕೈಯಲ್ಲಿದ್ದ ತಟ್ಟೆಯ ಬಿಸಿ. ತಂಗಿಯ ಕೊಡೆ ಉರುಳಿಕೊಂಡು ಚರಂಡಿಯವರೆಗೆ ಹೋದದ್ದು. ಒಂದೇ ಒಂದು ಚಪ್ಪಲಿ ಮಗುಚಿ ಬಿದ್ದದ್ದು. ವ್ಯಾನಿನ ಹಿಂದೆ ಒಂದು ಹಗ್ಗ ನೇತಾಡುತ್ತಿತ್ತು. ಅದರ ಗಂಟು ಕೂಡ ನೆನಪಿದೆ. ಆದರೆ ವ್ಯಾನನ್ನು ನೋಡಲು ಹೋದರೆ ಅಲ್ಲಿ ವ್ಯಾನಿನ ಆಕಾರವಿತ್ತು, ಅದರ ಮೇಲೆ ಬಣ್ಣವಿರಲಿಲ್ಲ. ಬಣ್ಣವಿರಬೇಕಾದ ಕಡೆ 'ಕೆಂಪು' ಎಂಬ ಮಾತು ಕೂತಿತ್ತು, ತನ್ನದೇ ದನಿಯಲ್ಲಿ. ಅದನ್ನು ಸರಿಸಿ ಒಳಗೆ ನೋಡಲು ಹೆಣಗಿದಳು. ಬನ್ನಿನ ಬಣ್ಣ ಹಚ್ಚಿದರೆ ವ್ಯಾನು ಬನ್ನಿನ ಬಣ್ಣದ್ದಾಗುತ್ತಿತ್ತು. ದಾರದ ಬಣ್ಣ ಹಚ್ಚಿದರೆ ದಾರದ್ದು. ಹಾಳಾದ್ದು ಎರಡಕ್ಕೂ ಬೇಡವೆನ್ನುತ್ತಿರಲಿಲ್ಲ.

ಕಣ್ಣು ಬಿಟ್ಟಾಗ ತಂಗಿ ಊರುಗೋಲು ಊರಿ ಅರ್ಧ ಎದ್ದಿದ್ದಳು.

"ಕೆಂಪು ಅನ್ನೋ ಮಾತು ನೆನಪಿದೆ" ಎಂದಳು ಅಕ್ಕ. "ಬಣ್ಣ ನೆನಪಿಲ್ಲ."

ಬೆರಳಚ್ಚಿನ ಸದ್ದು ಸ್ವಲ್ಪ ಹೊತ್ತು ಕೇಳಿಸಿ ನಿಂತಿತು. ವಕೀಲ ದಾರವನ್ನು ಫೈಲಿಗೆ ಸುತ್ತಿಕೊಂಡು ಹೋದ. ಬನ್ನನ್ನು ಅಲ್ಲೇ ಬಿಟ್ಟಿದ್ದ.

"ಮುಗೀತು. ಇನ್ನು ತೀರ್ಪು ಬರೋದು ಬರೀ ಶಾಸ್ತ್ರಕ್ಕೆ" ಎಂದು ಅಕ್ಕತಂಗಿಯರ ಕಡೆಯ ವಕೀಲರು ಮೆಟ್ಟಿಲಿಳಿಯುವಾಗ ಹೇಳಿದರು. "ಒಂದು ಬೆರಳು ಅಮ್ಮಾ! ಒಂದು ಬೆರಳು ಇಡೋಕಾಗ್ಲಿಲ್ವಾ ನಿಮಗೆ?"

ಬಸ್ಸಿನಲ್ಲಿ ತಂಗಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಇಬ್ಬರ ನಡುವೆ ಊರುಗೋಲು.

"ನಿಂಗೆ ಆ ವಕೀಲನ ಕೋಟಿನ ಹುಳುಕು ಕಾಣತ್ತೆ" ಎಂದಳು ಅರ್ಧ ದಾರಿ ದಾಟಿದ ಮೇಲೆ. "ನನ್ನ ಕಾಲು ಮುರಿದ ಗಾಡಿ ಕಾಣಲ್ಲ."

"ಹಂಗನ್ನಬೇಡ್ವೇ."

"ಮತ್ತಿನ್ನೇನನ್ಲಿ? ಧರ್ಮರಾಯನ ಮಗಳು ನೋಡು ನೀನು!"

ಅಕ್ಕ ಬಸ್ಸಿನ ಟಿಕೆಟನ್ನು ಮಡಚತೊಡಗಿದಳು. ಬಾಯಿಬಿಟ್ಟರೆ ಅಳು ಬರುತ್ತಿತ್ತು, ಇಲ್ಲವೇ ಬೈಗುಳ.

ಸಂಜೆಯ ಗಿರಾಕಿಗಳು ಇಬ್ಬರು ಅಕ್ಕತಂಗಿಯರ ಮುನಿಸಿಗೆ ಕಾಯುವುದಿಲ್ಲ. ಅಕ್ಕ ಸೀರೆಯ ಸೆರಗು ಸಿಕ್ಕಿಸಿ ಹಿಟ್ಟು ನಾದಿದಳು, ಉಂಡೆ ಕಟ್ಟಿದಳು, ತಟ್ಟೆಯನ್ನು ಒಳಗೆ ತಳ್ಳಿದಳು. ತಂಗಿ ಓವನ್ನಿನ ಗಾಜಿನ ಬಾಗಿಲಿನ ಎದುರು ತನ್ನ ಸ್ಟೂಲಿನ ಮೇಲೆ ಕೂತಳು. ಕಾಲು ಹೋದಂದಿನಿಂದ ನಿಂತು ಮಾಡುವ ಕೆಲಸ ಅವಳಿಗಾಗುತ್ತಿರಲಿಲ್ಲ. ಬನ್ನು ಕೆಂಪಗಾಗುವುದನ್ನು ಕಾಯುವುದೇ ಅವಳ ಕೆಲಸ.

"ದಿನಾ ಕನಸಲ್ಲಿ ಬರತ್ತೆ ಕಣೇ ಅಕ್ಕ" ಎಂದಳು ಗಾಜನ್ನೇ ನೋಡುತ್ತ. ದನಿಯಲ್ಲಿ ಸಿಟ್ಟು ಇಳಿದಿತ್ತು, ದಣಿವಿತ್ತು. "ಆ ಕೆಂಪು ವ್ಯಾನು. ಎದುರಿಗೇ ಬರತ್ತೆ. ನಾನೇ ಕಟಕಟೆ ಹತ್ತಿದ್ರೆ ಹೇಳ್ತಿದ್ದೆ."

"ಎದುರಿಗೆ ಎಲ್ಲಿ ಬಂತು? ಬೆನ್ನ ಹಿಂದಿಂದ ತಾನೇ ಗುದ್ದಿದ್ದು? ನೀನು ನೋಡೇ ಇಲ್ಲ."

"ನೋಡಿಲ್ಲ. ಆಸ್ಪತ್ರೇಲಿ ನಂಗೆ ಎಚ್ಚರ ಆದಾಗ ನೀನೇ ಹೇಳ್ದೆ, ಕೆಂಪು ವ್ಯಾನು ಅಂತ. ಅವತ್ತಿಂದ ಬರ್ತಿದೆ."

ಮುಂದಿನ ತಟ್ಟೆಗೆ ನಾದುತ್ತಿದ್ದ ಅಕ್ಕನ ಕೈ ಹಿಟ್ಟಿನಲ್ಲೇ ನಿಂತಿತು. ಕೇಳಬಾರದೆಂದುಕೊಂಡೂ ಕೇಳಿದಳು.

"ಕನಸಲ್ಲಿ ಅದು ಯಾವ ಕೆಂಪು?"

"ಯಾವ ಕೆಂಪು ಅಂದ್ರೆ? ಕೆಂಪು ಕಣೇ, ಕೆಂ..." ಎಂದ ತಂಗಿ ಅಲ್ಲಿಗೇ ನಿಂತಳು. ಅಕ್ಕನನ್ನು ಒಮ್ಮೆ ನೋಡಿದಳು. ಆಮೇಲೆ ಊರುಗೋಲನ್ನು ಎದೆಗೆ ಒತ್ತಿ ಹಿಡಿದುಕೊಂಡು ಕಣ್ಣು ಮುಚ್ಚಿದಳು.

ಅಕ್ಕ ಕಾದಳು. ಹೊರಗೆ ಯಾರೋ ಚಿಲ್ಲರೆಯನ್ನು ಗಾಜಿನ ಪೆಟ್ಟಿಗೆಗೆ ಬಡಿದು "ಯಾರ್ರೀ ಒಳಗೆ?" ಎಂದರು. ಓವನ್ನಿನಲ್ಲಿ ಬನ್ನುಗಳು ಉಬ್ಬಿ, ಕೆಂಪಗಾಗಿ, ಅದನ್ನೂ ದಾಟತೊಡಗಿದ್ದವು. ಸೀದ ವಾಸನೆ ಮೆಲ್ಲಗೆ ಏಳುತ್ತಿತ್ತು. ತಂಗಿ ಇನ್ನೂ ಕಣ್ಣು ತೆರೆದಿರಲಿಲ್ಲ.